ಹಗ್ಗದ ಇನ್ನೊಂದು ತುದಿ

"ಹೆಲ್ಮೆಟ್ ಎಷ್ಟು?"

"ಆರು, ಮೇಡಂ."

"ಕೊಕ್ಕೆ ಏಳಿವೆಯಲ್ಲ?"

ಠಾಣಾಧಿಕಾರಿ ಗೋಡೆಯತ್ತ ನೋಡಿದ. ಏಳನೆಯ ಕೊಕ್ಕೆಯಲ್ಲಿ ಹೆಲ್ಮೆಟ್ ಇರಲಿಲ್ಲ, ಒಂದು ಹಗ್ಗದ ಸುರುಳಿ ನೇತಾಡುತ್ತಿತ್ತು. ಅದರ ಒಂದು ತುದಿ ಸುಟ್ಟು ಕರಕಲಾಗಿತ್ತು.

ಅವಳ ಪೆನ್ನು ಅಲ್ಲೇ ನಿಂತಿತು. ಆ ಸುಟ್ಟ ತುದಿಯಲ್ಲಿ ಇದ್ದವನು ಅವಳ ಅಣ್ಣ. ಇನ್ನೊಂದು ತುದಿ ಹಿಡಿದಿದ್ದವನು ಈಗ ಅವಳೆದುರು ಸಮವಸ್ತ್ರದಲ್ಲಿ ನೆಟ್ಟಗೆ ನಿಂತಿದ್ದ. ಮೂರು ವರ್ಷದ ಹಿಂದೆ ಅವಳನ್ನು ಮದುವೆಯಾಗಬೇಕಿದ್ದವನೂ ಅವನೇ.

ಸಣ್ಣ ಊರುಗಳ ಅಗ್ನಿಶಾಮಕ ಠಾಣೆಗಳ ತಪಾಸಣೆ ಅವಳ ಕೆಲಸ. ಗಂಟೆ ಬಾರಿಸಿದ ಎಷ್ಟು ಸೆಕೆಂಡಿಗೆ ವಾಹನ ಗೇಟು ದಾಟುತ್ತದೆ, ಟ್ಯಾಂಕಿನಲ್ಲಿ ನೀರು ತುಂಬಿದೆಯೇ, ಪೈಪುಗಳು ಒತ್ತಡ ತಡೆಯುತ್ತವೆಯೇ... ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಮೊದಲೇ ಹಿಡಿದು ಬರೆಯಬೇಕು. ಈ ಠಾಣೆಯ ಸರದಿ ಬಂದಾಗ ಮೇಲಧಿಕಾರಿಗಳು ಬೇರೆಯವರನ್ನು ಕಳಿಸಲೇ ಎಂದು ಕೇಳಿದ್ದರು. ಬೇಡ, ನಾನೇ ಹೋಗುತ್ತೇನೆ ಎಂದಿದ್ದಳು.

ಠಾಣೆ ಅನರ್ಹ ಎಂದು ಅವಳು ಬರೆದರೆ ಅವನ ಸಮವಸ್ತ್ರ ಕಳಚುತ್ತಿತ್ತು. ಅದನ್ನು ಸ್ವಂತ ಕೈಯಿಂದ ಬರೆಯಬೇಕೆಂದೇ ಅವಳು ಬಂದಿದ್ದಳು.

ಮೂರು ವರ್ಷದ ಹಿಂದೆ ಅಂದು ಬಟ್ಟೆ ಗೋದಾಮು ಹೊತ್ತಿ ಉರಿಯುತ್ತಿತ್ತು. ಒಳಗಿದ್ದ ಕಾವಲುಗಾರನಿಗಾಗಿ, ಇದೇ ಠಾಣೆಯಲ್ಲಿದ್ದ ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನುಗ್ಗಿದ. ಹೊಗೆಯಲ್ಲಿ ಕಣ್ಣು ಕಾಣದು, ಕೂಗಿದರೆ ಕೇಳದು, ಹಗ್ಗವೇ ಮಾತು. ಒಂದು ಸಲ ಎಳೆದರೆ ಚೆನ್ನಾಗಿದ್ದೇನೆ ಎಂದು. ಮೂರು ಸಲ ಎಳೆದರೆ ನನ್ನನ್ನು ಹೊರಗೆ ಎಳೆಯಿರಿ ಎಂದು.

ಅಣ್ಣನ ತೋಳು ಹಿಡಿದೇ ಇದ್ದ ಕಾವಲುಗಾರ ಹೇಗೋ ಕಿಟಕಿಯಿಂದ ಬಿದ್ದು ಬದುಕಿದ. ಅಣ್ಣ ಹೊರಗೆ ಬರಲೇ ಇಲ್ಲ. "ಅವರು ಮೂರು ಸಲ ಎಳೆದ್ರು" ಎಂದು ಅವನು ವಿಚಾರಣೆಯಲ್ಲಿ ಹೇಳಿದ. "ನನಗೆ ಒಂದೇ ಬಂತು" ಎಂದು ಹೊರಗೆ ಹಗ್ಗ ಹಿಡಿದಿದ್ದ ಇವನು ಹೇಳಿದ.

ಯಾರೂ ನಂಬಲಿಲ್ಲ. ಸಾಕ್ಷಿ ಸಾಲದೆಂದು ಕಡತ ಹಾಗೇ ಉಳಿಯಿತು. ಅವಳು ಅವನಿಗೆ ಒಂದೇ ಸಾಲಿನ ಕಾಗದ ಬರೆದಿದ್ದಳು. ಹೆದರಿ ಕೈಬಿಟ್ಟವನ ಕೈ ನಾನು ಹಿಡಿಯಲಾರೆ ಎಂದು.

ಅವನು ಉತ್ತರ ಬರೆದಿರಲಿಲ್ಲ. ಅದೂ ಅವಳಿಗೆ ಒಪ್ಪಿಗೆಯಂತೆಯೇ ಕಂಡಿತ್ತು.

ಹಗ್ಗವನ್ನೇ ನೋಡುತ್ತ ನಿಂತವಳ ಪಕ್ಕಕ್ಕೆ ಠಾಣೆಯ ಹಳೇ ಚಾಲಕ ಬಂದ. ಎಲ್ಲರ ಬಾಯಲ್ಲೂ ಅವನು ಡ್ರೈವರ್ ಮಾಮ.

"ಗಾಳಿ ಇಲ್ಲದಿದ್ರೂ ಅದು ಆಡುತ್ತೆ ತಾಯಿ. ಅದರ ಕೆಳಗೆ ನಮ್ಮೋರು ಯಾರೂ ಕೂರಲ್ಲ. ಸಾಹೇಬರೊಬ್ಬರೇ ದಿನಾ ಸುಡದೇ ಇರೋ ತುದಿ ಹಿಡ್ಕೊಂಡು ಕೂತಿರ್ತಾರೆ. ನಮ್ಮ ಮನೆಯವಳು ಒಂದು ದಿನಾನೂ ನನ್ನ ಕೈ ಅಷ್ಟು ಹೊತ್ತು ಹಿಡಿದಿಲ್ಲ."

ಅವಳಿಗೆ ನಗು ಬರಲಿಲ್ಲ. ಬೆನ್ನ ಹಿಂದೆ ಯಾರೋ ನಿಂತಂತಾಯಿತು. 'ಪಿಟೀಲು, ಮುಖ ಯಾಕೆ ಊದಿಸ್ಕೊಂಡಿದ್ದೀಯೇ?' ಚಿಕ್ಕಂದಿನಲ್ಲಿ ರಾಗ ಎಳೆದು ಅಳುತ್ತಿದ್ದ ಅವಳಿಗೆ ಅಣ್ಣ ಇಟ್ಟ ಹೆಸರು ಅದು. ತಿರುಗಿ ನೋಡಿದಳು. ಬರೀ ಗೋಡೆ, ಸಾಲಾಗಿ ಬೂಟುಗಳು.

ಉಳಿದ ತಪಾಸಣೆಯಲ್ಲಿ ಕೊಂಕು ತೆಗೆಯಲು ಏನೂ ಸಿಗಲಿಲ್ಲ. ಕೊನೆಗೆ ಅಭ್ಯಾಸದ ದಾಖಲೆ ಪುಸ್ತಕದಲ್ಲಿ ಒಂದು ಪುಟ ಖಾಲಿ ಸಿಕ್ಕಿತು.

"ಮೂರು ವರ್ಷದಿಂದ ಹಗ್ಗದ ಅಭ್ಯಾಸ ಮಾಡಿಲ್ಲ."

"ಇಲ್ಲ, ಮೇಡಂ."

"ಯಾಕೆ?"

"ಇಲ್ಲಿ ಹಗ್ಗ ನಂಬಿ ಯಾರನ್ನೂ ಒಬ್ಬನ್ನೇ ಕಳಿಸಲ್ಲ. ಇಬ್ಬರು ಹೋಗ್ತೀವಿ. ಮೊದಲನೆಯವನು ನಾನು."

"ಹಾವು ಕಚ್ಚಿದವನು ಹಗ್ಗ ಕಂಡ್ರೂ ಹೆದರ್ತಾನಂತೆ," ಎಂದಳು. ಮಾತು ಹರಿತವಾಗಿಯೇ ಬಂತು. "ನಿಯಮ ಅಂದ್ರೆ ನಿಯಮ. ಇವತ್ತು ಮಾಡಿ ತೋರಿಸಿ. ಒಳಗೆ ನಾನು ಹೋಗ್ತೀನಿ. ಹಗ್ಗ ನೀವು ಹಿಡೀರಿ."

ಅವನ ಮುಖ ಬಿಳಿಚಿತು. "ಬೇರೆ ಯಾರಾದ್ರೂ ಹಿಡೀಲಿ... ದಯವಿಟ್ಟು."

"ನೀವೇ."

ಹಿಂಬದಿಯ ಕೋಣೆಯಲ್ಲಿ ಹಳೇ ಕಬ್ಬಿಣದ ಬೀರುಗಳನ್ನು ಅಡ್ಡಡ್ಡ ನಿಲ್ಲಿಸಿ ಎರಡು ತಿರುವು ಮಾಡಿದ್ದರು. ಒದ್ದೆ ಗೋಣಿಚೀಲಗಳಿಗೆ ಬೆಂಕಿ ಕೊಟ್ಟು ಹೊಗೆ ತುಂಬಿಸಿದರು. ಅವಳು ಉಸಿರಾಟದ ಮುಖವಾಡ ಹಾಕಿ, ಠಾಣೆಯ ಹೊಸ ಹಗ್ಗವನ್ನು ಸೊಂಟಕ್ಕೆ ಬಿಗಿದು ಒಳಗೆ ಹೋದಳು.

ಎರಡನೇ ತಿರುವು ದಾಟಿದ ಮೇಲೆ ತನ್ನ ಕೈ ತನಗೇ ಕಾಣಲಿಲ್ಲ. ಮುಖವಾಡದೊಳಗೆ ಉಸಿರಿನ ಸದ್ದು. ಅದು ತನ್ನದೋ, ಪಕ್ಕದಲ್ಲಿ ಇನ್ನೊಬ್ಬರದೋ... ತಿಳಿಯಲಿಲ್ಲ.

ಹಗ್ಗ ಹಿಡಿದು ಎಳೆದಳು. ಒಂದು. ಎರಡು. ಮೂರು.

ಕಾದಳು. ಯಾರೂ ಎಳೆಯಲಿಲ್ಲ.

'ಅಣ್ಣ, ನೀನೂ ಹೀಗೇ ಕಾದೆಯಾ? ಈಗ ಎಳೀತಾನೆ, ಈಗ ಎಳೀತಾನೆ ಅಂತ...' ಮೂರು ವರ್ಷ ಗಟ್ಟಿ ಮಾಡಿಕೊಂಡಿದ್ದ ಎದೆ ಅಲ್ಲಿ ಒಡೆದುಹೋಯಿತು. ಅವಳು ಮುಖವಾಡದೊಳಗೇ ಅತ್ತಳು.

ಆಗ ಹೊಗೆಯೊಳಗಿಂದ ಒಂದು ಕೈ ಬಂದು ಅವಳ ತೋಳು ಹಿಡಿಯಿತು. ಅವನ ಮುಖಕ್ಕೆ ಮುಖವಾಡವೂ ಇರಲಿಲ್ಲ. ಕೆಮ್ಮುತ್ತ, ತಡವರಿಸುತ್ತ ಅವಳನ್ನು ಬಯಲಿಗೆ ತಂದ.

"ಮೂರು ಸಲ ಎಳೆದೆ," ಅವಳು ಮುಖವಾಡ ಕಿತ್ತು ಹೇಳಿದಳು. "ಯಾಕೆ ಎಳೀಲಿಲ್ಲ?"

"ಒಂದೇ ಬಂತು."

"ಹೌದು ತಾಯಿ," ಎಂದ ಡ್ರೈವರ್ ಮಾಮ. "ನಾನೂ ಹಗ್ಗದ ಮೇಲೆ ಬೆರಳಿಟ್ಟಿದ್ದೆ. ಒಂದೇ."

"ಒಂದು ಬಂದ್ರೆ ಚೆನ್ನಾಗಿದ್ದೀನಿ ಅಂತ ಅರ್ಥ. ಮತ್ತೆ ಒಳಗೆ ಯಾಕೆ ಬಂದ್ರಿ?"

ಅವನು ಕಣ್ಣೊರೆಸಿಕೊಂಡ. "ಆವತ್ತೂ ಒಂದೇ ಬಂದಿತ್ತು."

ಅವಳು ಬಾಗಿಲ ಬಳಿ ಕೂತಳು. ಹೊಗೆ ಇಳಿದ ಮೇಲೆ ಒಳಗೆ ಹೋಗಿ ನೋಡಿದಳು. ಎರಡನೇ ಬೀರುವಿನ ಚೂಪು ಮೂಲೆಗೆ ಹಗ್ಗ ಕಚ್ಚಿಕೊಂಡಿತ್ತು. ಅವಳ ಮೊದಲ ಎರಡು ಎಳೆತಗಳನ್ನು ಆ ಮೂಲೆ ನುಂಗಿತ್ತು, ಮೂರನೆಯದು ಮಾತ್ರ ಆಚೆ ದಾಟಿತ್ತು.

ಗೋದಾಮಿನಲ್ಲಿ ಇಂಥ ಮೂಲೆಗಳು ಎಷ್ಟಿದ್ದವೋ. ವಿಚಾರಣೆ ಮಾಡಿದವರು ಕಾಗದ ಓದಿದ್ದರು, ಹಗ್ಗ ಹಿಡಿದು ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಅವಳು ವರದಿ ಬರೆದಳು. 'ತಿರುವು ಇರುವಲ್ಲಿ ಹಗ್ಗದ ಸನ್ನೆಯನ್ನು ನಂಬಬಾರದು. ಮೂರು ಎಳೆದರೂ ಒಂದೇ ತಲುಪುತ್ತದೆ, ಇಂದು ನಾನೇ ಪರೀಕ್ಷಿಸಿದ್ದೇನೆ. ಹಳೆಯ ಕಡತದಲ್ಲಿ ಠಾಣಾಧಿಕಾರಿಯ ಹೇಳಿಕೆ ಸತ್ಯ. ಠಾಣೆ ಅರ್ಹ.' ಸಹಿ ಹಾಕಿ ಅವನತ್ತ ತಿರುಗಿದಳು.

"ನನ್ನ ಕಾಗದಕ್ಕೆ ಉತ್ತರ ಯಾಕೆ ಬರೀಲಿಲ್ಲ?"

"ಏನಂತ ಬರೀಲಿ? ಅವನು ಮೂರು ಸಲ ಕರೆದಿದ್ದ. ನನಗೆ ಕೇಳಲಿಲ್ಲ. ನೀನು ಬೈದಿದ್ದು ಸರಿ ಅನ್ನಿಸ್ತು."

"ಸರಿ ಇರಲಿಲ್ಲ," ಎಂದಳು. "ನಿನ್ನ ಮಾತು ನಂಬದೆ ತಪ್ಪು ಮಾಡಿದೆ. ಮೂರು ವರ್ಷ ನಿನ್ನನ್ನೂ ಸುಟ್ಟೆ, ನಾನೂ ಸುಟ್ಟುಕೊಂಡೆ. ಪ್ರೀತಿ ಮಾತ್ರ ಹೋಗ್ಲಿಲ್ಲ ಕಣೋ... ಹೋಗಲಿ ಅಂತ ಎಷ್ಟೋ ಸಲ ಅಂದ್ಕೊಂಡೆ."

ಅವಳು ಏಳನೆಯ ಕೊಕ್ಕೆಯಿಂದ ಹಗ್ಗ ಇಳಿಸಿದಳು. ಸುಡದ ತುದಿಯನ್ನು ಅವನ ಕೈಗಿಟ್ಟಳು. ಸುಟ್ಟ ತುದಿಯನ್ನು ತಾನು ಹಿಡಿದು, ಅಂಗಳದ ಆಚೆ ಬದಿಗೆ ನಡೆದು, ಅವನಿಗೆ ನೇರ ಎದುರಾಗಿ ನಿಂತಳು. ನಡುವೆ ಬೀರು ಇರಲಿಲ್ಲ, ಗೋಡೆ ಇರಲಿಲ್ಲ. ಕರಕಲು ಅವಳ ಅಂಗೈಗೆ ಮೆತ್ತಿತು.

ನಿಧಾನವಾಗಿ ಎಳೆದಳು. ಒಂದು. ಎರಡು. ಮೂರು.

"ಎಷ್ಟು ಬಂತು?"

ಅವನು ತನ್ನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡ. "ಮೂರೂ ಬಂತು, ಪಿಟೀಲು."

"ಮತ್ತೆ ನಿಂತಿದ್ದೀಯಲ್ಲ? ಎಳಿ."

ಅವನು ಎಳೆದ.