ಹಾರ್ನ್ ನುಂಗಿದ ಒಪ್ಪಿಗೆ

"ರೀ! ಯಾರ್ರೀ ನೀವು? ನನ್ನ ಫ್ರೇಮ್ ಯಾಕ್ರೀ ಅಳಿಸ್ತಿದ್ದೀರ?"

ಕಾಫಿ ಲೋಟ ಹಿಡಿದೇ ಕಿರುಚಿದಳು ಶಾಂಭವಿ. ಹುಣಸೂರಿನ ಆ ಕಂಪ್ಯೂಟರ್ ಸೆಂಟರ್‌ನಲ್ಲಿ ನೆಟ್‌ವರ್ಕಿಂಗ್ ಪಾಠ ಹೇಳುತ್ತಿದ್ದವಳು ಅವಳೊಬ್ಬಳೇ. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹೋಗುವ ಮಾಹಿತಿಯ ಕಟ್ಟು, ಅಂದರೆ ಫ್ರೇಮ್, ಅದರ ಚಿತ್ರವನ್ನು ಬೋರ್ಡಿನ ಮೇಲೆ ಅರ್ಧ ಬರೆದಿಟ್ಟಿದ್ದಳು. ಬೋರ್ಡ್ ಮುಂದೆ ಈಗ ಯಾರೋ ಅಪರಿಚಿತ!

"ಶುರುವಿನ ಗುರುತಿದೆ, ಕೊನೆಯ ಗುರುತಿಲ್ಲ. ಮಾತು ಎಲ್ಲಿಗೆ ಮುಗೀತು ಅಂತ ಆ ಕಡೆ ಕಂಪ್ಯೂಟರ್‌ಗೆ ಹೇಗ್ರೀ ಗೊತ್ತಾಗ್ಬೇಕು?"

"ನಾನಿನ್ನೂ ಮುಗಿಸೇ ಇಲ್ಲ ಕಣ್ರೀ! ಕಾಫಿಗೆ ಹೋಗಿದ್ದೆ!"

ಅವನ ಮುಖ ಕೆಂಪಾಯಿತು. ಪಿರಿಯಾಪಟ್ಟಣದ ನಂಜುಂಡೇಶ್, ಸಂಜೆ ಬ್ಯಾಚಿಗೆ ಬಂದ ಹೊಸ ಮೇಷ್ಟ್ರು. ಅಳಿಸಿದ್ದನ್ನೆಲ್ಲ ಅವನೇ ಮತ್ತೆ ಬರೆದುಕೊಟ್ಟ. ಅಕ್ಷರ ಎಷ್ಟು ಮುದ್ದಾಗಿದೆ... ಅಂದುಕೊಂಡಳು. ತಕ್ಷಣ ತನ್ನನ್ನೇ ಬೈದುಕೊಂಡಳು.

ಬೈಗುಳ ಹೆಚ್ಚು ಕಾಲ ನಡೆಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಇಬ್ಬರೂ ಬಸ್ ಸ್ಟ್ಯಾಂಡಿಗೆ ಒಟ್ಟಿಗೇ ನಡೆಯುತ್ತಿದ್ದರು.

ಒಂದು ಸಂಜೆ ಅಲ್ಲೇ ನಿಂತು ಅವನು ತಡವರಿಸಿದ. "ಶಾಂಭವಿಯವರೇ... ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ನೀವೇನಂತೀರಿ?"

"ಒಪ್ಪಿಗೆ," ಅಂದಳು.

ಅದೇ ಕ್ಷಣಕ್ಕೆ ಪಿರಿಯಾಪಟ್ಟಣದ ಪ್ರೈವೇಟ್ ಬಸ್ಸು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು! ನಾಚಿಕೆಗೆ ತಲೆಯೆತ್ತದೆ ಅವಳು ತನ್ನೂರು ಗುರುಪುರದ ಬಸ್ ಹತ್ತಿಬಿಟ್ಟಳು. ಅವನಿಗೆ ಕಂಡದ್ದು ಓಡಿಹೋದ ಬೆನ್ನು ಮಾತ್ರ.

ಮರುದಿನ ಅವನು ಅವಳತ್ತ ನೋಡಲೇ ಇಲ್ಲ. ಶಾಂಭವಿಯವರೇ ಅನ್ನುತ್ತಿದ್ದವನು "ಮೇಡಂ, ಡಸ್ಟರ್" ಅಂದ.

ಕೇಳಿಬಿಟ್ಟು ಈಗ ಹಿಂಜರಿದನಾ? ಒಪ್ಪಿದ್ದೇ ತಪ್ಪಾಯ್ತಾ?

ಮನೆಯಲ್ಲಿ ಅವ್ವ ಮಂಗಳಗೌರಿ, "ಭಾನ್ವಾರ ಕೋಟೆ ತಾಲ್ಲೂಕಿನ ಕಡೆಯೋರು ನಿನ್ನ ನೋಡಕ್ಕೆ ಬತ್ತಾರೆ ಕಣೇ," ಅಂದಳು.

"ಬರ್ಲಿ ಬುಡವ್ವ!" ಸಿಟ್ಟಿನಲ್ಲಿ ಅಂದವಳು ದಿಂಬಿಗೆ ಮುಖ ಒತ್ತಿ ಅತ್ತಳು.

ಭಾನುವಾರ ಹತ್ತಿರವಾಯಿತು. ಪ್ಲೈವುಡ್ ಗೋಡೆಯಾಚೆ ಅವನ ಪಾಠ ನಡೆದಿತ್ತು.

"ಒಂದು ಫ್ರೇಮ್ ಕಳಿಸಿದ ಮೇಲೆ ಉತ್ತರಕ್ಕೆ ಕಾಯ್ಬೇಕು. ಬರ್ಲಿಲ್ಲ ಅಂದ್ರೆ ಏನರ್ಥ?"

"ತಲುಪಿಲ್ಲ ಅಂತ, ಸಾರ್," ಅಂದಳು ವಿದ್ಯಾರ್ಥಿನಿ ಕಾವ್ಯಶ್ರೀ.

"ಹಾಗೇ ಅಂತ ಹೇಳಕ್ಕಾಗಲ್ಲ. ತಲುಪಿದ್ರೂ ಉತ್ತರ ದಾರೀಲಿ ಕಳೆದುಹೋಗಿರಬಹುದು. ಅದಕ್ಕೇ ಸ್ವಲ್ಪ ಹೊತ್ತು ಕಾದು..." ಅವನ ಮಾತು ನಿಂತೇಹೋಯಿತು.

ಅವತ್ತಿನ ಹಾರ್ನ್! ಶಾಂಭವಿಗೆ ಥಟ್ಟನೆ ಹೊಳೆಯಿತು. ಎದ್ದವಳೇ ಅವನ ಕ್ಲಾಸಿನ ಬಾಗಿಲಲ್ಲಿ ನಿಂತಳು.

"ಕಾದು ಏನ್ಮಾಡ್ತಾರೆ? ಹೇಳಿ ಸಾರ್."

"ತಿರುಗಿ... ಕಳಿಸ್ತಾರೆ."

"ಮತ್ತೆ ನೀವ್ಯಾಕೆ ಕಳಿಸ್ಲಿಲ್ಲ?"

ಸೆಂಟರ್ ಮಾಲೀಕ ಕಂಠಪ್ಪ ಇಣುಕಿದರು. "ಏನವ್ವಾ ಕಳಿಸ್ಲಿಲ್ಲ? ಕೊರಿಯರ್ರಾ?"

ನಂಜುಂಡೇಶನ ಕೈಯ ಸೀಮೆಸುಣ್ಣ ಎರಡು ತುಂಡಾಗಿತ್ತು.

"ಅವತ್ತು ನೀವು... ಉತ್ತರ ಹೇಳಿದ್ರಾ?"

"ಹೇಳ್ದೆ ಕಣ್ರೀ! ನಿಮ್ಮೂರ ಬಸ್ಸು ನುಂಗ್ತು!"

ಇಡೀ ಕ್ಲಾಸಿನೆದುರು, ಬೆವರುತ್ತಲೇ ಅವನು ಮತ್ತೆ ಕೇಳಿದ. "ನನ್ನ ಮದುವೆ ಆಗ್ತೀರಾ?"

"ಆಗ್ತೀನಿ! ಆಗ್ತೀನಿ! ಆಗ್ತೀನಿ!"

"ಅಯ್ಯಯ್ಯೋ, ಬ್ಯಾಚ್ ನಡೀತಾ ಐತೆ ಕಣ್ರಪ್ಪಾ!" ಎಂದ ಕಂಠಪ್ಪನವರೇ ಮೊದಲು ಚಪ್ಪಾಳೆ ತಟ್ಟಿದರು.

ಮೆಟ್ಟಿಲಿಳಿಯುವಾಗ ಅವಳು ಮೆಲ್ಲಗೆ ಅಂದಳು, "ಭಾನ್ವಾರ ಯಾರೋ ನೋಡಕ್ಕೆ ಬರ್ತಾರಂತೆ. ಅದಕ್ಕೆ ಮುಂಚೆ ನಿಮ್ಮವ್ವನ್ನ ನಮ್ಮನೇಗೆ ಕರ್ಕೊಂಡು ಬನ್ನಿ."

"ನಾಳೇನೇ ಬತ್ತೀನಿ... ಶಾಂಭವಿ."

"ಏನಂದ್ರಿ? ಕೇಳಿಸ್ಲಿಲ್ಲ."

"ನಿಜವಾಗ್ಲೂ ಕೇಳಿಸ್ಲಿಲ್ವಾ?"

"ಕೇಳಿಸ್ತು..." ಅವಳು ಸೆರಗು ಬೆರಳಿಗೆ ಸುತ್ತಿಕೊಂಡಳು. "ಇನ್ನೊಂದ್ಸಲ ಕರೀರಿ."