ನಾಲ್ಕನೆಯ ಹಾಳೆಯ ಬಾಣ

“ಆ ಬ್ರಷ್ ಕೆಳಗಿಡ್ರಿ!”

ಬೆನ್ನ ಹಿಂದಿನ ದನಿಗೆ ಬ್ರಾಹ್ಮಿ ತಟ್ಟನೆ ತಿರುಗಿದಳು. ಕಲ್ಲಿಗೆ ಹಚ್ಚುತ್ತಿದ್ದ ಕೆಂಪು ಬಣ್ಣ ಅವಳ ಪಾದದ ಮೇಲೆ ಚೆಲ್ಲಿತು.

ದ್ರಾಕ್ಷಿ ಚಪ್ಪರದಡಿಯಿಂದ ತಲೆ ತಗ್ಗಿಸಿ ಹೊರಬಂದವನು ಆ ತೋಟದ ಒಡೆಯ ಸನ್ಮತಿ.

“ಇಲ್ಲಿ ಯಾಕ್ರಿ ಕಲ್ಲ ನಟ್ಟೀರಿ?”

“ರಸ್ತಾ ಇಲ್ಲಿತನಕ ಬರ್ತೈತ್ರಿ. ನಿಮ್ಮವು ಎಂಟು ಸಾಲು ಹೋಗ್ತಾವು.”

“ಹಂಗಂತ ಯಾರ ಹೇಳಿದ್ರು?”

“ನಕಾಶಾ ಹೇಳ್ತೈತಿ.”

“ಅದಕ್ಕ ಬಾಯಿ ಐತೇನ್ರಿ? ಹಂಗಾರ ನನಗೂ ಅದರ ಮಾತ ಕಲಸ್ರಿ! ಖರೇ ಇದ್ರ, ನಮ್ಮಪ್ಪ ಹಚ್ಚಿದ ಆ ಎಂಟೂ ಸಾಲು ನಾನ ಬಿಟ್ಟ ಕೊಡ್ತೀನಿ.”

ಬೈಗುಳಕ್ಕೆ ಸಿದ್ಧಳಾಗಿದ್ದ ಬ್ರಾಹ್ಮಿ ಬ್ರಷ್ ಕೆಳಗಿಟ್ಟು, ಸಂಜೆ ಬಂದು ಕಲಿಸಲು ಒಪ್ಪಿದಳು.

ಅಥಣಿ-ಕಾಗವಾಡದ ಹೆದ್ದಾರಿ ಅಗಲವಾಗುತ್ತಿದ್ದ ವರ್ಷವದು. ನಿಪ್ಪಾಣಿಯ ಬ್ರಾಹ್ಮಿ ಗುತ್ತಿಗೆದಾರರ ಬಳಿ ಸರ್ವೇ ಕೆಲಸಕ್ಕೆ ಸೇರಿದ್ದಳು. ನಕ್ಷೆ ನೋಡಿ, ರಸ್ತೆಯ ನಡುಗೆರೆಯಿಂದ ಅಳೆದು, ಹೊಸ ಅಂಚಿಗೆ ಕಲ್ಲು ನೆಡುವುದು ಅವಳ ಕೆಲಸ. ಆ ತಂಡದಲ್ಲಿ ಹೆಣ್ಣೆಂದರೆ ಅವಳೊಬ್ಬಳೇ. “ರಂಗೋಲಿ ಬ್ಯಾರೆ, ನಕಾಶಾ ಬ್ಯಾರೆ, ತಂಗಿ!” ಎಂದು ಮೇಲಧಿಕಾರಿ ಮಲ್ಲೇಶ ಮೊದಲ ದಿನವೇ ಎಲ್ಲರೆದುರು ನಕ್ಕಿದ್ದರು. ‘ಒಂದು ತಪ್ಪೂ ಮಾಡಬಾರದು’ ಎಂದು ಅಂದೇ ಅವಳು ಹಲ್ಲು ಕಚ್ಚಿ ನಿಶ್ಚಯಿಸಿದ್ದಳು.

ಪಾಠ ಆರಂಭವಾಯಿತು. ಸಂಜೆ ಕೆಲಸ ಮುಗಿದ ಮೇಲೆ, ಸನ್ಮತಿಯ ಮನೆಯ ಕಟ್ಟೆಯ ಮೇಲೆ ನಕ್ಷೆಯ ಹಾಳೆಗಳು ಬಿಚ್ಚಿಕೊಳ್ಳುತ್ತಿದ್ದವು.

“ಇದು ನಡುಗೆರಿ. ಇದರ ಮ್ಯಾಲಿನ ಅಂಕಿ ನೋಡ್ರಿ, ರಸ್ತಾ ಶುರು ಆದಲ್ಲಿಂದ ಎಷ್ಟು ದೂರ ಬಂದೀವಿ ಅನ್ನೂದನ್ನ ಹೇಳ್ತಾವು. ಸಣ್ಣ ಸುತ್ತು ಇದ್ರ ಗಿಡ. ಕೆಳಗ ಗೆರಿ ಐತೆಲ್ಲ, ಅದು ರಸ್ತಾದ ಏರು, ಇಳಕಲ.”

“ಅಬ್ಬಾ! ನಮ್ಮ ಹಾದಿ ಇಷ್ಟು ದೊಡ್ಡ ಗುಡ್ಡ ಹತ್ತತೈತೇನ್ರಿ?”

“ಇಲ್ರೀ! ಏರನ್ನ ಹತ್ತುಪಟ್ಟು ಹೆಚ್ಚು ಮಾಡಿ ತೋರಸ್ತಾರ. ಇಲ್ಲಂದ್ರ ಕಣ್ಣಿಗೆ ಕಾಣಂಗಿಲ್ಲ.”

“ಹಂಗಾರ ನಮ್ಮವ್ವನ ಸಿಟ್ಟಿನಂಗ!”

“ಯಾರದಲೇ ಸಿಟ್ಟು?” ಒಳಗಿನಿಂದ ತಾಯಿ ಕಮಲಾಬಾಯಿಯ ದನಿ. “ಹೊತ್ತ ಮುಳಗಾಕ ಬಂತು. ಆ ಹುಡುಗಿನ್ನ ಕರಕೊಂಡ ಉಣ್ಣಾಕ ಬಾ. ಹಾಳಿ ತಿಂದ್ರ ಹೊಟ್ಟಿ ತುಂಬತೈತೇನ?”

ಸೂರ್ಯ ಇಳಿಯುವ ಮೊದಲು ಮೂವರೂ ಒಟ್ಟಿಗೆ ಉಣ್ಣುವುದು ರೂಢಿಯಾಯಿತು. ನೆರೆಯ ರೈತ ಮಲಕಾರಿ ಜನ ಕೂಡಿಸಿ ಕಲ್ಲು ಕೀಳಲು ಬಂದಾಗ ಸನ್ಮತಿಯೇ ಅಡ್ಡ ನಿಂತ. “ಮೇಡಮ್ ನಕಾಶಾ ಓದಿ ಇಟ್ಟಾರ. ಅವರ ಮಾತಿನ ಮ್ಯಾಲ ನನಗ ಭರೋಸಾ ಐತಿ!”

ಆ ಮಾತು ಬ್ರಾಹ್ಮಿಯ ಎದೆಯಲ್ಲಿ ದೀಪದಂತೆ ಉರಿಯಿತು. ಸಂಜೆಗಾಗಿ ಅವಳು ಬೆಳಗಿನಿಂದಲೇ ಕಾಯತೊಡಗಿದಳು.

ಆರನೆಯ ಸಂಜೆ ಸನ್ಮತಿ ತನ್ನ ತೋಟದ ಹಾಳೆಯನ್ನು, ನಾಲ್ಕನೆಯ ಹಾಳೆಯನ್ನು, ಮುಂದಕ್ಕೆಳೆದ. ಮೂಲೆಯ ಬಾಣದ ಮೇಲೆ ಬೆರಳಿಟ್ಟ.

“ಈ ಬಾಣ ಉತ್ತರ ದಿಕ್ಕು ತೋರಸ್ತೈತಿ ಅಂದಿದ್ರಿ. ಮೊದಲಿನ ಮೂರೂ ಹಾಳ್ಯಾಗ ಮ್ಯಾಲ ನೋಡತೈತಿ. ಇದರಾಗ ಅಷ್ಟ ಕೆಳಗ ಯಾಕ್ರಿ?”

ಬ್ರಾಹ್ಮಿ ಬಾಗಿ ನೋಡಿದಳು. ಬಾಣ ನಿಜಕ್ಕೂ ಕೆಳಗೆ ತೋರಿಸುತ್ತಿತ್ತು!

ರಸ್ತೆಯ ಮೊದಲ ಭಾಗದ ನಕ್ಷೆಯನ್ನು ಕಾಗವಾಡದ ತುದಿಯಿಂದ ಬರೆದಿದ್ದರು. ಅದರಲ್ಲಿ ಹಾಳೆಯ ಮೇಲ್ಭಾಗವೇ ಉತ್ತರ. ನಾಲ್ಕನೆಯ ಹಾಳೆಯಿಂದ ಶುರುವಾಗುವ ಎರಡನೆಯ ಭಾಗವನ್ನು ಎದುರು ತುದಿಯಾದ ಅಥಣಿಯಿಂದ ಬರೆದಿದ್ದರು; ಅಲ್ಲಿ ಮೇಲ್ಭಾಗ ದಕ್ಷಿಣವಾಗಿತ್ತು. ಅವಳು ಬಾಣ ನೋಡದೆ ರೂಢಿಯಂತೆ ಓದಿದ್ದಳು. ರಸ್ತೆ ಅಗಲವಾಗಬೇಕಾದದ್ದು ದಕ್ಷಿಣದ ಸರಕಾರಿ ಬೀಳಿನತ್ತ. ಕಲ್ಲು ನಿಂತದ್ದು ಉತ್ತರದ ದ್ರಾಕ್ಷಿಯಲ್ಲಿ.

‘ಈಗಲೇ ಹೇಳು... ಹೇಳಿಬಿಡು...’ ಎಂದಿತು ಮನಸ್ಸು. ಆದರೆ ಕಿವಿಯಲ್ಲಿ ಮಲ್ಲೇಶರ ನಗು ಮೊಳಗಿತು. ಎದುರಿಗೆ ಭರವಸೆಯಿಂದ ನೋಡುತ್ತಿದ್ದ ಎರಡು ಕಣ್ಣು!

“ಅದು... ಛಾಪಿಸೂದ್ರಾಗ ತಪ್ಪೈತ್ರಿ.”

“ಹೌದೇನ್ರಿ? ನಾ ಏನರೆ ಶಾಣ್ಯಾ ಆದ್ನಿ ಅಂದಕೊಂಡಿದ್ನಿ!” ಅವನು ನಕ್ಕ.

ಅಂದು ಅವಳು ಊಟಕ್ಕೆ ನಿಲ್ಲದೆ ಹಾಳೆಗಳನ್ನು ಸುತ್ತಿಕೊಂಡು ಹೊರಟಳು.

ಭಾದ್ರಪದದಲ್ಲಿ ಕ್ಷಮಾವಣಿ ಬಂದಿತು. ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಜೈನರು ಪರಸ್ಪರ ಕೈಮುಗಿದು ಕ್ಷಮೆ ಕೇಳುವ ದಿನ. ಬಸದಿಯ ಅಂಗಳದಲ್ಲಿ ಬ್ರಾಹ್ಮಿ ಸನ್ಮತಿಯೆದುರು ಕೈಮುಗಿದಳು. “ಉತ್ತಮ ಕ್ಷಮಾ...”

“ಉತ್ತಮ ಕ್ಷಮಾ! ನಿಮ್ಮದೇನ ತಪ್ಪೈತ್ರಿ, ಚಾದಾಗ ಸಕ್ರಿ ಕಡಿಮಿ ಅಂದದ್ದೊಂದ!”

ಹೆಸರು ಹೇಳದ ತಪ್ಪಿಗೆ ಕ್ಷಮೆ ದೊರೆತಿತ್ತು. ಕದ್ದ ವಸ್ತುವನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಬ್ರಾಹ್ಮಿ ಅಲ್ಲಿಂದ ಹೊರಟಳು.

ಅಕ್ಟೋಬರ್ ಬಂದಿತು. ದ್ರಾಕ್ಷಿಗೆ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ ಕಾಲ. ಆಗ ಬಳ್ಳಿಯನ್ನು ಸವರಿದರಷ್ಟೇ ಚಿಗುರು, ಚಿಗುರಿದರಷ್ಟೇ ಹಣ್ಣು. ಸನ್ಮತಿಯ ತೋಟವೆಲ್ಲ ಸವರಿ ಬೋಳಾಯಿತು. ರಸ್ತೆಯ ಬದಿಯ ಎಂಟು ಸಾಲು ಮಾತ್ರ ಹಳೆಯ ಎಲೆ ಹೊತ್ತು ನಿಂತವು.

“ಇವನ್ನ್ಯಾಕ ಬಿಟ್ಟೀರಿ?” ಬ್ರಾಹ್ಮಿ ಕೇಳಿದಳು.

“ಹೋಗೂ ಬಳ್ಳಿಗೆ ಯಾಕ್ರಿ ಕತ್ರಿ ಹಚ್ಚೂದು?” ಅವನು ಒಂದು ಕಾಂಡವನ್ನು ಮೆಲ್ಲನೆ ನೇವರಿಸಿದ. “ಇದ್ದಷ್ಟ ದಿನಾ ಹಸರ ಇರ್ಲಿ.”

ಬ್ರಾಹ್ಮಿ ನೇರವಾಗಿ ಮಲ್ಲೇಶರ ಬಳಿಗೆ ಓಡಿದಳು, ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. ಮೆಲ್ಲಗೆ ಬಾಗಿಲು ಮುಂದೆ ಮಾಡಿದರು.

“ಬಾಯಿ ಮುಚಕೊಂಡ ಕುಂದರ್ರಿ. ನಾಳೆ ಕಲ್ಲ ಆಚೆ ಇಡಸ್ತೀನಿ. ನಕಾಶಾ ಬದಲಾತು ಅಂದ್ರಾತು! ನಿಮ್ಮ ಮರ್ಯಾದಿನೂ ಉಳೀತೈತಿ, ನಮ್ಮದೂ.”

ಅವಳು ಸುಮ್ಮನಾದಳು. ಆ ಮೌನವೇ ಅವಳ ಎರಡನೆಯ ಸುಳ್ಳಾಯಿತು.

ಕಲ್ಲುಗಳು ರಸ್ತೆ ದಾಟಿದವು. ಮರುದಿನ ಕಮಲಾಬಾಯಿಯಿಂದ ಕರೆ ಬಂದಿತು. ಹೋದರೆ ಅಂಗಳದ ತುಂಬ ಜನ! ಮಲಕಾರಿಯೇ ಎದ್ದು ಕೈಮುಗಿದ. “ತಪ್ಪ ತಿಳದಿದ್ನಿ ಮೇಡಮ್ಮಾರ. ನೀವ ಬಡದಾಡಿ ನಕಾಶಾ ಬದಲ ಮಾಡಿಸಿದ್ರಿ ಅಂತ ಕೇಳಿದ್ನಿ!”

ಕಮಲಾಬಾಯಿ ಮಣೆ ಹಾಕಿದಳು. ತಟ್ಟೆಯಲ್ಲಿ ತೆಂಗಿನಕಾಯಿ, ಅಕ್ಕಿ, ಹಸಿರು ಕುಪ್ಪಸದ ಖಣ. “ಉಡಿ ತುಂಬತೀನಿ, ಬಾ ಮಗಳ.”

ಮದುವೆಯಾಗದ ಹುಡುಗಿಗೆ ಗಂಡುಮಗನ ತಾಯಿ ಉಡಿ ತುಂಬುವುದೆಂದರೆ ಸೊಸೆಯಾಗೆಂದು ಕೇಳಿದಂತೆ. ಕಂಬಕ್ಕೆ ಒರಗಿದ್ದ ಸನ್ಮತಿಯ ಮುಖ ಕೆಂಪಾಗಿತ್ತು. ಅವಳಿಗಷ್ಟೇ ಕೇಳುವಂತೆ ಅವನೆಂದ: “ನಾನ ಹೇಳಿದ್ನಿ ಅವ್ವಗ. ನಿಮಗ ಒಪ್ಪಿಗಿ ಇದ್ರ ಅಷ್ಟ...”

ಎಷ್ಟು ಸಂಜೆ ಈ ಮಾತಿಗಾಗಿ ಕಾದಿದ್ದಳು! ಸೆರಗು ಒಡ್ಡಿದರೆ ಸಾಕು, ಎಲ್ಲವೂ ಅವಳದು. ಕಮಲಾಬಾಯಿಯ ಬೊಗಸೆ ಅಕ್ಕಿಯೊಡನೆ ಮುಂದೆ ಬಂದಿತು.

“ತುಂಬಬ್ಯಾಡ್ರಿ ಕಾಕೂ!”

ಬ್ರಾಹ್ಮಿ ಸೆರಗನ್ನು ಹಿಂದಕ್ಕೆಳೆದುಕೊಂಡಳು.

“ನಕಾಶಾ ಬದಲಾಗಿಲ್ರಿ. ಅದು ಮೊದಲಿಂದ ಹಂಗ ಇತ್ತು. ನಾ ಉಲ್ಟಾ ಓದಿ ನಿಮ್ಮ ಸಾಲಿನ್ಯಾಗ ಕಲ್ಲ ಇಟ್ಟಿದ್ನಿ.” ಸನ್ಮತಿಯತ್ತ ತಿರುಗಿದಳು. ಕಣ್ಣು ಎತ್ತಲಾಗಲಿಲ್ಲ. “ಬಾಣ ಕೆಳಗ ಯಾಕ ಅಂತ ನೀವ ಕೇಳಿದಾಗನ ತಿಳದಿತ್ರಿ. ಸುಳ್ಳ ಹೇಳಿದ್ನಿ.”

ಸನ್ಮತಿ ಕಂಬ ಬಿಟ್ಟು ಮುಂದೆ ಬಂದ.

“ಕ್ಷಮಾವಣಿ ದಿನ ಕೈ ಮುಗದ್ರೆಲ್ಲ...” ಸನ್ಮತಿಯ ದನಿ ಒಡೆದಿತ್ತು. “ಅದು ಇದಕ್ಕೇನು?”

“ಹೌದ್ರಿ.”

“ಓದೂದ್ರಾಗ ಎಲ್ಲಾರೂ ತಪ್ತಾರ. ಆದ್ರ ನಿಮ್ಮ ಮಾತಿನ ಸಲುವಾಗಿ ನಾ ಊರ ಎದರ ಹಾಕ್ಕೊಂಡ್ನಿ... ನೀವ ನನ್ನ ಹುಚ್ಚನ್ನ ಮಾಡಿದ್ರಿ!”

ಅವನು ತೋಟದೊಳಗೆ ಹೋದ. ಕಮಲಾಬಾಯಿ ಅಕ್ಕಿಯನ್ನು ತಟ್ಟೆಗೆ ಸುರಿದಳು. ಆ ಸಪ್ಪಳಕ್ಕೆ ಬ್ರಾಹ್ಮಿ ನಾಚಿಕೆಯಿಂದ ಭೂಮಿಗಿಳಿದುಹೋದಳು.

ಅದೇ ದಿನ ತನ್ನ ತಪ್ಪನ್ನು ಕಾಗದದ ಮೇಲೆ ಬರೆದು, ಸಹಿ ಹಾಕಿ ಕಚೇರಿಗೆ ಕೊಟ್ಟಳು. ಹದಿನೈದು ದಿನ ಕೆಲಸಕ್ಕೆ ಬರಬಾರದೆಂದರು. ನಿಪ್ಪಾಣಿಯ ಬಸ್ಸು ಹತ್ತಲು ನಿಂತವಳಿಗೆ ಒಂದು ಸಂಗತಿ ಚುಚ್ಚಿತು. ಚಾಟ್ನಿಯ ಆಳುಗಳೆಲ್ಲ ಬೇರೆ ತೋಟಗಳಿಗೆ ಹೋಗಿಯಾಗಿತ್ತು. ಎಂಟು ಸಾಲು ಸವರುವವರಾರು?

ಮರುದಿನ ಬೆಳಗ್ಗೆ ಅವಳು ತೋಟದಲ್ಲಿದ್ದಳು. ಸನ್ಮತಿ ಒಬ್ಬನೇ ಕತ್ತರಿ ಹಿಡಿದಿದ್ದ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸವರಿದ ಬಳ್ಳಿಯ ಗಿಣ್ಣಿನ ಕಣ್ಣುಗಳಿಗೆ, ಬೇಗ ಚಿಗುರಲೆಂದು, ಪೇಸ್ಟ್ ಹಚ್ಚುವುದು ಹೆಂಗಸರ ಕೆಲಸ. ಅವಳು ಕೈಗವಸು ತೊಟ್ಟು ಅವನ ಹಿಂದೆ ಹಚ್ಚುತ್ತ ನಡೆದಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು, “ಉಲ್ಟಾ ಮೇಡಮ್ಮಾರ!” ಎಂದು ಕೂಗಿದರು. ಅವಳು ತಲೆ ತಗ್ಗಿಸಿ ಹಚ್ಚುತ್ತಲೇ ಇದ್ದಳು. ಸಂಜೆ ಕಮಲಾಬಾಯಿ ಮಾತಾಡದೆ ಬುತ್ತಿ ಇಟ್ಟು ಹೋದಳು. ಬುತ್ತಿಯಲ್ಲಿ ಇಬ್ಬರಿಗಾಗುವಷ್ಟು ರೊಟ್ಟಿಯಿತ್ತು.

ನಾಲ್ಕು ದಿನ ಕಳೆದವು. ಎಂಟನೆಯ ಸಾಲಿನ ಕೊನೆಯ ಬಳ್ಳಿ ಮುಗಿಯಿತು.

“ನಾಳೆಯಿಂದ ಬರೂ ಕಾರಣ ಇಲ್ಲ,” ಎಂದ ಸನ್ಮತಿ. ನಾಲ್ಕು ದಿನಗಳಲ್ಲಿ ಅದೇ ಅವನ ಮೊದಲ ಮಾತು.

“ಹೌದ್ರಿ...” ಅವಳು ಕೈಗವಸು ಕಳಚಿದಳು. “ತಡಾ ಆಗಿ ಸವರಿದ ಬಳ್ಳಿ... ಹಣ್ಣ ಹಿಡೀತೈತೇನ್ರಿ?”

“ಹೇಳಾಕ ಬರೂದಿಲ್ಲ.”

“ಬರ್ತೀನ್ರಿ ಹಂಗಾರ.” ಎರಡು ಹೆಜ್ಜೆ ನಡೆದು ನಿಂತಳು. “ಅವತ್ತ ನೀವ ಕೇಳಿದ್ದಕ್ಕ... ನನಗ ಒಪ್ಪಿಗಿ ಇತ್ರಿ. ಉಡಿ ಒಡ್ಡೂ ಯೋಗ್ಯತಾ ಅಷ್ಟ ಇರಲಿಲ್ಲ.”

ಕತ್ತರಿ ನೆಲಕ್ಕೆ ಬಿದ್ದ ಸಪ್ಪಳವಾಯಿತು.

“ನನ್ನ ಸಿಟ್ಟು ಇನ್ನೂ ಹೋಗಿಲ್ಲ, ಬ್ರಾಹ್ಮಿ.”

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಕಣ್ಣುಗಳು ತುಂಬಿ ಬಂದವು.

“ಹೋಗೂತನಕ ಕಾಯ್ತೀನ್ರಿ. ಎಷ್ಟ ವರ್ಷಾದ್ರೂ...”

“ಕಾಯಬ್ಯಾಡ,” ಎಂದ ಅವನು, ಬಲು ಮೆಲ್ಲಗೆ. “ಸಿಟ್ಟು ಇದ್ದಾಗನ ಬಾ. ಅಲ್ಲಿತನಕ ಒಬ್ಬನ ಇರಾಕ ನನ್ನಿಂದ ಆಗೂದಿಲ್ಲ.”