ಚೌಕಾಸಿ ಇಲ್ಲದ ಮನೆ

ಬೆಂಗೇರಿಯ ಆ ಮನೆಯ ಬಾಗಿಲು ತೆರೆದವರು ನಿಜವಾದ ಮಾಲೀಕರು.

‘ಮನಿ ಮಾರೂದಾ? ಯಾರ ಹೇಳಿದ್ರಿ ನಿಮಗ?’

ನರ್ಸ್ ಮುರಿಗೆವ್ವ ಬಾಗಿಲ ಮೇಲಿನ ಮನೆ ನಂಬರನ್ನು ಮತ್ತೊಮ್ಮೆ ನೋಡಿದಳು. ಅವ್ವನ ಬಂಗಾರದ ಪಾಟ್ಲಿ ಬಳೆ ಮಾರಿ ಬಂದ ನಾಲ್ಕು ಲಕ್ಷವನ್ನು ಹೋದ ವಾರ ಇದೇ ಮನೆಯಲ್ಲಿ ಒಬ್ಬನಿಗೆ ಸಂಚಕಾರವೆಂದು ಮುಂಗಡ ಕೊಟ್ಟಿದ್ದಳು. ಮಾಲೀಕ ತಾನೇ ಅಂದಿದ್ದ ಆಸಾಮಿ ಈಗ ನಾಪತ್ತೆ.

* * *

ಎಸ್‌ಐ ಶಾಂತಯ್ಯ ದೂರು ಕೇಳಿದ. ಹೆಂಡತಿ ತೀರಿಕೊಂಡಾಗಿನಿಂದ ಅವನಿಗೆ ಠಾಣೆಯೇ ಮನೆ, ಊಟ ಖಾನಾವಳಿಯಲ್ಲಿ. ಒಬ್ಬಳೇ ಬಂದು ಕೂತ ಈ ಹೆಂಗಸನ್ನು ನೋಡಿ ಅವನಿಗೆ ಸಂಕಟವಾಯಿತು.

‘ಮನಿ ಹುಡುಕೂಕಿಂತ ಮೊದಲ ಬ್ಯಾಂಕಿನ್ಯಾಗ ಸಾಲ ಮಂಜೂರ ಮಾಡಿಸ್ಕೊಂಡಿದ್ದೆ ಸಾಹೇಬ್ರ. ಇಪ್ಪತ್ತೆಂಟು ಲಕ್ಷ. ನಮ್ಮ ತಾಕತ್ತು ಎಷ್ಟಂತ ಮೊದಲ ತಿಳಿದ್ರ ಛಲೋ ಅಲ್ರಿ?’

‘ಮಂಜೂರಾತಿ ಪತ್ರ ಯಾರಿಗೆ ತೋರ್ಸಿದ್ರಿ?’

‘ದಲಾಲ ಫಾರೂಕಗ. ಆ ಕಳ್ಳನೂ ಫಾರೂಕ ನಂಬರ್ ಕೊಟ್ಟಾನ ಅಂತನ ಫೋನ್ ಮಾಡಿದ್ದ.’

* * *

ಠಾಣೆಗೆ ಕರೆಸಿದಾಗ ಫಾರೂಕ ಕೈಮುಗಿದ.

‘ಅಲ್ಲಾನ ಆಣಿ, ನಾ ತೋರ್ಸಿದ್ದು ಗಬ್ಬೂರಿನ ಮನಿ ಅಷ್ಟ. ಮಾಲಕ ಒಂದು ರೇಟ್ ಹೇಳ್ತಾನ, ಗಿರಾಕಿ ಒಂದು ಕೇಳ್ತಾರ, ನಡುವ ನಾ ಸಾಯ್ತೇನಿ. ಆ ಕಳ್ಳ ರೇಟ್ ಎಷ್ಟ ಇಳಿಸಿದ್ನಂತ?’

ಶಾಂತಯ್ಯ ತಟ್ಟನೆ ಎದ್ದ. ಇದನ್ನು ಅವನು ಮುರಿಗೆವ್ವನಿಗೆ ಕೇಳಿಯೇ ಇರಲಿಲ್ಲ.

* * *

‘ಮೂವತ್ತೆರಡು ಅಂದ. ನಾ ಚೌಕಾಸಿ ಮಾಡ್ಲಿಲ್ರಿ,’ ಅಂದಳು ಮುರಿಗೆವ್ವ. ‘ಸಾಲ, ಪಾಟ್ಲಿ ರೊಕ್ಕ ಕೂಡಿಸಿದ್ರ ಬರೋಬ್ಬರಿ ಅಷ್ಟ ಆಗ್ತಿತ್ತು. ನನ್ನ ನಸೀಬ ಅಂದ್ಕೊಂಡೆ.’

‘ಪಾಟ್ಲಿ ಮಾರಿದ್ದು ಫಾರೂಕಗ ಗೊತ್ತೈತೇನು? ಬ್ಯಾಂಕಿನವರಿಗೆ?’

‘ಇಲ್ರಿ.’

‘ಮತ್ತ ಯಾರಿಗೆ ಗೊತ್ತು?’



‘ನಾ ಬಾಡಿಗಿ ಇರೋ ಖೋಲಿ ಎದುರಿನ ಭಾಗ್ಯಶ್ರೀಗೆ. ತಂಗಿ ಇದ್ದಂಗ್ರಿ ಆಕಿ.’

* * *

ಭಾಗ್ಯಶ್ರೀಯ ಮೈದುನ, ಮುರಿಗೆವ್ವ ಮೊದಲೆಂದೂ ನೋಡಿರದವ, ಮನೆಗಳಿಗೆ ಬಣ್ಣ ಹಚ್ಚುವವ. ಬೆಂಗೇರಿ ಮನೆಯ ಮಾಲೀಕರು ಬೇರೆ ಊರಿಗೆ ಹೋಗುವಾಗ ಕೆಲಸಕ್ಕೆಂದು ಕೀಲಿಕೈ ಕೊಟ್ಟಿದ್ದು ಅವನ ಕೈಗೇ. ರೊಕ್ಕ ಅವನ ಗಾದಿಯ ಕೆಳಗೆ ಸಿಕ್ಕಿತು.

‘ಬ್ಯಾಂಕಿಗೆ, ಫಾರೂಕಗ ಗೊತ್ತಿದ್ದದ್ದು ಇಪ್ಪತ್ತೆಂಟು,’ ಶಾಂತಯ್ಯ ಭಾಗ್ಯಶ್ರೀಗೆ ಹೇಳಿದ. ‘ಮ್ಯಾಲಿನ ನಾಕು ಗೊತ್ತಿದ್ದದ್ದು ನಿನಗೊಬ್ಬಾಕಿಗೆ. ಅದಕ್ಕ ನಿಮ್ಮಂವ ಮೂವತ್ತೆರಡು ಹೇಳಿ, ಕೈಯಾಗಿದ್ದ ನಾಕೂ ಸಂಚಕಾರ ಕೇಳಿದ. ಹುಬ್ಬಳ್ಳ್ಯಾಗ ಚೌಕಾಸಿಗೆ ಜಾಗಾ ಇಡದ ರೇಟ್ ಹೇಳಾವ ಮಾಲಕ ಅಲ್ಲ. ಫಾರೂಕನ ಹೆಸರೂ ನೀನ ಕೊಟ್ಟಿ.’

‘ತಪ್ಪಾತ ಅಕ್ಕಾ,’ ಭಾಗ್ಯಶ್ರೀ ಅತ್ತಳು.

ಮುರಿಗೆವ್ವ ಬಯ್ಯಲಿಲ್ಲ. ಬೈದಿದ್ದರೆ ಶಾಂತಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು.

‘ಮಂಜೂರಾತಿಗೆ ಇನ್ನೂ ಅವಧಿ ಐತ್ರಿ,’ ಅವನು ಧೈರ್ಯ ಹೇಳಿದ. ‘ಬ್ಯಾರೆ ಮನಿ ನೋಡ್ರಿ, ಸಿಕ್ಕ ಸಿಗ್ತೈತಿ.’

‘ಸಿಗಬಹುದ್ರಿ.’ ಅವಳ ಕಣ್ಣು ಭಾಗ್ಯಶ್ರೀಯ ಮೇಲೆಯೇ ಇತ್ತು. ‘ಸಿಕ್ತು ಅಂತ ಯಾರ ಮುಂದ ಹೇಳ್ಲಿ, ಸಾಹೇಬ್ರ?’